ನಲವತ್ತಮೂರು ಇಂಚು

ಜನವರಿ 9

ಅಕ್ಕಾ,

ಮೂವತ್ತು ವರ್ಷ ಹೊಲಿಗೆ ಮಷೀನುಗಳ ಸದ್ದಿನಲ್ಲಿ ಕೂತ ನಿನ್ನ ಕಿವಿಗೆ ಫೋನು ದಂಡ. ಮೆಸೇಜು ಕಳಿಸಿದರೆ ಹೆಬ್ಬೆರಳಿನ ಚಿತ್ರ ಒಂದನ್ನು ಕಳಿಸಿ ಸುಮ್ಮನಾಗುತ್ತೀಯ. ಆದ್ದರಿಂದ ಕಾಗದವೇ ಗತಿ. ಕೂತು ಓದು, ಬಟ್ಟೆ ರಾಶಿಯಲ್ಲಿ ಇಟ್ಟು ಮರೆಯಬೇಡ.

ನಾನೊಂದು ಪ್ರಯೋಗಕ್ಕೆ ಸೇರಿದ್ದೇನೆ. ಗಾಬರಿ ಬೇಡ. ಇಲ್ಲಿನ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ ಹೊಸ ಔಷಧವೊಂದನ್ನು ಪರೀಕ್ಷಿಸುತ್ತಿದ್ದಾರೆ. ಪೆಪ್ಟೈಡ್ ಅಂತೆ, ಪ್ರೋಟೀನಿನ ಸಣ್ಣ ತುಂಡು. ಊಟವಾದ ಮೇಲೆ ನಮ್ಮ ಕರುಳು ಮೆದುಳಿಗೆ ‘ಸಾಕು’ ಅಂತ ಸುದ್ದಿ ಕಳಿಸುತ್ತದಂತಲ್ಲ, ಆ ಸುದ್ದಿಯನ್ನೇ ನಕಲು ಮಾಡಿದ್ದಾರೆ. ಮೈಯ ಕೊಬ್ಬು ಕರಗಬೇಕು, ಸಕ್ಕರೆ ಹಿಡಿತಕ್ಕೆ ಬರಬೇಕು ಅನ್ನುವುದು ಅವರ ಆಸೆ. ಔಷಧಕ್ಕೆ ಇನ್ನೂ ಹೆಸರಿಟ್ಟಿಲ್ಲ, ಒಂದು ನಂಬರು ಅಷ್ಟೇ. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಸೂಜಿ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ, ಕೆಲವರಿಗೆ ಬರೀ ನೀರು. ಯಾರಿಗೆ ಯಾವುದು ಅಂತ ಚುಚ್ಚುವ ನರ್ಸಮ್ಮನಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ‘ಹಾಗಾದ್ರೆ ಯಾರಿಗೆ ಗೊತ್ತು?’ ಅಂದೆ. ‘ಕಂಪ್ಯೂಟರಿಗೆ’ ಅಂದರು.

ಯಾಕೆ ಸೇರಿದೆ ಅಂತ ಕೇಳಬೇಡ. ಅಮ್ಮನ ಕಾಲು ನೆನಪಿದೆಯಲ್ಲ. ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಅಮ್ಮನಿಗೆ ಐವತ್ತೈದರಲ್ಲಿ ಎಷ್ಟು ಸಕ್ಕರೆ ಇತ್ತೋ ನನಗೆ ನಲವತ್ತೇಳಕ್ಕೇ ಅಷ್ಟಿದೆ. ಇಪ್ಪತ್ತಾರು ಸೂಜಿಗಳನ್ನು ಒಂದೂ ತಪ್ಪದೆ ಮುಗಿಸಿದವರಿಗೆ ಮುಂದಿನ ಎರಡು ವರ್ಷ ನಿಜವಾದ ಔಷಧವನ್ನೇ ಕೊಡುತ್ತಾರಂತೆ. ನನಗೆ ಬೇಕಾದ್ದು ಆ ಎರಡು ವರ್ಷ.

ಮ್ಯೂಸಿಯಮ್ಮಿನಲ್ಲಿ ಹೊಸದೇನಿಲ್ಲ. ಮಡಕೆ ಕೋಣೆಯ ಕುರ್ಚಿಯಲ್ಲಿ ಕೂತು ನಾನು ಮಡಕೆಗಳನ್ನು ಕಾಯುತ್ತೇನೆ, ಮಡಕೆಗಳು ನನ್ನನ್ನು ಕಾಯುತ್ತವೆ. ಪಕ್ಕದ ನಾಣ್ಯದ ಕೋಣೆಯವರು ಇವತ್ತು, ‘ಮೇಡಂ, ಮೂಲೆಯ ಆ ದೊಡ್ಡ ಗುಡಾಣ ನೋಡಿದಾಗೆಲ್ಲ ನಿಮ್ಮ ನೆನಪಾಗುತ್ತೆ’ ಅಂದರು. ‘ನಿಮ್ಮ ಕೋಣೆಯ ಸವಕಲು ನಾಣ್ಯ ನೋಡಿದಾಗ ನನಗೂ ಒಬ್ಬರ ನೆನಪಾಗುತ್ತೆ’ ಅಂದೆ.

ನಿನ್ನ ತಂಗಿ


ಜನವರಿ 20

ಪುಟ್ಟೀ,

ಕೂತೇ ಓದಿದೆ, ಎರಡು ಸಲ. ಏನು ಚುಚ್ಚುತ್ತಿದ್ದೇವೆ ಅಂತ ಚುಚ್ಚುವವರಿಗೇ ಗೊತ್ತಿಲ್ಲದ ಸೂಜಿಗೆ ನೀನು ಹೊಟ್ಟೆ ಒಡ್ಡಿ ಬಂದಿದ್ದೀಯ ಅನ್ನುವುದಷ್ಟು ಅರ್ಥವಾಯಿತು. ನಿನ್ನ ಭಾವನಿಗೆ ಹೇಳಿದೆ. ‘ಓದಿದವಳು, ಏನೋ ಕಾರಣ ಇರುತ್ತೆ ಬಿಡು’ ಅಂದರು. ಓದಿದವರು ಬಾವಿಗೆ ಬಿದ್ದರೂ ಏನೋ ಕಾರಣ ಇರುತ್ತೆ ಅನ್ನುವ ಮನುಷ್ಯ ಅವರು.

ನಿನ್ನ ಅಳತೆ ಚೀಟಿ ತೆಗೆದು ನೋಡಿದೆ. ತೋಳು ಹದಿನಾಲ್ಕೂವರೆ, ಹೊಟ್ಟೆ ನಲವತ್ತೊಂದು, ಸೀಟು ನಲವತ್ತನಾಲ್ಕು. ಇದರಲ್ಲಿ ಕರಗಿಸುವಂಥದ್ದು ಏನಿದೆ ಅಂತ ನನಗೆ ಕಾಣಲಿಲ್ಲ. ನನ್ನ ಚೀಟಿ ನೋಡಿದರೆ ನಿನಗೆ ಸಮಾಧಾನವಾದೀತು. ಹೊಲಿಯುವವಳಿಗೆ ದಪ್ಪ ಸಣ್ಣ ಅಂತಿಲ್ಲ ಕಣೇ, ಬಟ್ಟೆ ಎಷ್ಟು ಬೇಕು ಅನ್ನುವುದಷ್ಟೇ.

ಆದರೆ ಅಮ್ಮನ ಕಾಲಿನ ಮಾತೆತ್ತಿದ ಮೇಲೆ ಬೇಡ ಅನ್ನಲಾರೆ. ಹುಷಾರು.

ಅಕ್ಕ


ಮಾರ್ಚ್ 2

ಅಕ್ಕಾ,

ಹೇಗೆ ಬರೆಯಲಿ ಅಂತ ಗೊತ್ತಾಗದೆ ಇಷ್ಟು ದಿನ ಸುಮ್ಮನಿದ್ದೆ. ನನ್ನ ಹಸಿವು ಹೋಗಿದೆ.

ಕಡಿಮೆಯಾಗಿದೆ ಅಂತಲ್ಲ. ಮನೆಯಲ್ಲಿ ಬಹಳ ವರ್ಷ ಇದ್ದ ಒಬ್ಬರು ಚಪ್ಪಲಿ ಮೆಟ್ಟಿಕೊಂಡು ಹೇಳದೆ ಹೊರಟುಹೋದ ಹಾಗೆ. ಮಧ್ಯಾಹ್ನ ಡಬ್ಬಿ ಬಿಚ್ಚುತ್ತೇನೆ, ನಾಲ್ಕು ತುತ್ತಿಗೆ ಕತ್ತಿನವರೆಗೆ ತುಂಬಿಬಿಡುತ್ತದೆ. ಮುಚ್ಚಿಡುತ್ತೇನೆ. ಹಸಿವಿಲ್ಲದ ದಿನ ಎಷ್ಟು ಉದ್ದ ಗೊತ್ತಾ? ಹನ್ನೊಂದಕ್ಕೆ ಏನು ತಿನ್ನಲಿ, ಒಂದಕ್ಕೆ ಏನು, ನಾಲ್ಕಕ್ಕೆ ಏನು ಅಂತ ನಾನು ದಿನವನ್ನು ಕತ್ತರಿಸಿ ಕತ್ತರಿಸಿ ದಾಟುತ್ತಿದ್ದೆ ಅಂತ ಈಗ ತಿಳಿಯಿತು. ಈಗ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಹಾಸು. ಖುಷಿಪಡಬೇಕೋ ಹುಡುಕಿಕೊಂಡು ಹೋಗಬೇಕೋ ತಿಳಿಯುತ್ತಿಲ್ಲ. ಖುಷಿಪಡುತ್ತಿದ್ದೇನೆ. ತಕ್ಕಡಿಯಲ್ಲಿ ನಾಲ್ಕು ಕಿಲೋ ಇಳಿದಿದ್ದೇನೆ. ನೀರು ಯಾರ ಹಸಿವನ್ನೂ ಒಯ್ಯುವುದಿಲ್ಲ, ಹಾಗಾಗಿ ನನಗೆ ಕೊಡುತ್ತಿರುವುದು ಔಷಧವೇ ಇರಬೇಕು.

ವಾರವಾರ ಒಂದು ಹಾಳೆ ಕೊಡುತ್ತಾರೆ. ಹೊಟ್ಟೆ ಭಾರ ಇದೆಯಾ, ಉಬ್ಬರ ಇದೆಯಾ, ವಾಂತಿ ಇದೆಯಾ, ಹೌದು, ಇಲ್ಲ. ನಾನು ಎಲ್ಲದಕ್ಕೂ ‘ಇಲ್ಲ’. ನನ್ನ ಜೊತೆ ಸೇರಿದ ಬಸ್ ಕಂಡಕ್ಟರಮ್ಮ ಮೂರು ವಾರ ನೇರವಾಗಿ ‘ಹೌದು’ ಅಂತ ಬರೆದಳು. ನಾಲ್ಕನೇ ವಾರ ಅವಳನ್ನು ಬಿಡಿಸಿ ಕಳಿಸಿದರು. ನಿಜ ಹೇಳಿದವಳು ಮೆಟ್ಟಿಲಿಳಿದಳು, ನಾನು ಕೂತಿದ್ದೇನೆ.

ತಿಂಗಳಿಗೊಮ್ಮೆ ನರ್ಸಮ್ಮ ಹೊಟ್ಟೆಗೆ ಟೇಪು ಸುತ್ತುತ್ತಾಳೆ. ಸುತ್ತುವಾಗ ಉಸಿರು ಎಳೆದುಕೊಳ್ಳುತ್ತೇನೆ. ಎಲ್ಲರೂ ಎಳೆದುಕೊಳ್ಳುತ್ತಾರೆ.

ನಿನ್ನ ತಂಗಿ


ಮಾರ್ಚ್ 14

ಪುಟ್ಟೀ,

ಟೇಪು ಕಂಡರೆ ಉಸಿರು ಎಳೆಯದ ಹೆಂಗಸನ್ನು ನಾನು ಇನ್ನೂ ನೋಡಿಲ್ಲ. ಅದಕ್ಕೇ ಅಳೆಯುವಾಗ ಮಾತಾಡಿಸುತ್ತೇನೆ. ‘ಮಗಳ ಪರೀಕ್ಷೆ ಹೇಗಾಯ್ತು, ಅತ್ತೆ ಊರಿಗೆ ಹೋದರಾ’ ಅಂತ. ಅತ್ತೆ ಸುದ್ದಿ ಬಂದರೆ ಸಾಕು, ಉಸಿರೆಲ್ಲ ಹೊರಗೆ ಬಂದು ಹೊಟ್ಟೆ ತನ್ನ ಜಾಗಕ್ಕೆ ಇಳಿಯುತ್ತದೆ. ನಿನ್ನ ನರ್ಸಮ್ಮನಿಗೆ ಯಾರೂ ಹೇಳಿಕೊಟ್ಟಿಲ್ಲ.

ನಾಲ್ಕು ಕಿಲೋ ಇಳಿದದ್ದು ಸಂತೋಷ. ನನ್ನ ಗಿರಾಕಿಯೊಬ್ಬರು ಕೇಳುತ್ತಿದ್ದರು, ಅಂಥ ಪ್ರಯೋಗಕ್ಕೆ ಐವತ್ತಾರರವರನ್ನೂ ಸೇರಿಸಿಕೊಳ್ಳುತ್ತಾರಾ ಅಂತ. ಅವರಿಗೋಸ್ಕರ ಕೇಳಿದೆ.

ಅಕ್ಕ


ಏಪ್ರಿಲ್ 10

ಅಕ್ಕಾ,

ನಿನ್ನ ಗಿರಾಕಿಗೆ ಹೇಳು, ಐವತ್ತೈದಕ್ಕೇ ಬಾಗಿಲು ಹಾಕಿದ್ದಾರೆ. ಒಂದೇ ವರ್ಷಕ್ಕೆ ತಪ್ಪಿಹೋಯಿತು, ಪಾಪ.

ಮ್ಯೂಸಿಯಮ್ಮಿನವರು ನಮಗೆಲ್ಲ ಹೊಸ ಕೋಟಿನ ಬಟ್ಟೆ ಕೊಟ್ಟಿದ್ದಾರೆ, ಕಡುನೀಲಿ. ಮುಂದಿನ ತಿಂಗಳ ವಾರ್ಷಿಕೋತ್ಸವಕ್ಕೆ ಎಲ್ಲರೂ ಹಾಕಿಕೊಳ್ಳಬೇಕು. ಬಟ್ಟೆಯನ್ನು ಪಾರ್ಸೆಲ್ ಮಾಡಿದ್ದೇನೆ. ಅಳತೆ ನಾನೇ ತೆಗೆದೆ, ಉಸಿರು ಎಳೆಯದೆ, ನಿನ್ನಾಣೆ: ಭುಜ ಹದಿನೈದು, ತೋಳು ಹನ್ನೆರಡು, ಎದೆ ಮೂವತ್ತೇಳು, ಹೊಟ್ಟೆ ನಲವತ್ತಮೂರು, ಸೀಟು ನಲವತ್ತೊಂದು.

ತೋಳು ನೋಡಿದೆಯಾ? ಹದಿನಾಲ್ಕೂವರೆ ಇದ್ದದ್ದು. ಬಳೆ ಮೊಣಕೈವರೆಗೆ ಜಾರುತ್ತದೆ. ನಾಣ್ಯದ ಕೋಣೆಯವರು ಗುಡಾಣದ ಮಾತು ನಿಲ್ಲಿಸಿ ಹೂಜಿಯ ಮಾತಿಗೆ ಬಂದಿದ್ದಾರೆ.

ನಿನ್ನ ತಂಗಿ


ಏಪ್ರಿಲ್ 27

ಪುಟ್ಟೀ,

ಕೋಟು ಕಳಿಸಿದ್ದೇನೆ. ನೀನು ಬರೆದಂತೆಯೇ ಕತ್ತರಿಸಿದ್ದೇನೆ. ಗುಂಡಿ ಐದು ಹಾಕಿದ್ದೇನೆ, ಒಳಗೆ ಒಂದು ಜೇಬು ನನ್ನ ಲೆಕ್ಕದಲ್ಲಿ. ಕಣ್ಣಿಗೆ ಕಡುನೀಲಿ ಬಟ್ಟೆ ಬಹಳ ಕಷ್ಟ; ನೂಲು ಬಟ್ಟೆಯಲ್ಲೇ ಮುಳುಗಿಹೋಗುತ್ತದೆ.

ಅಕ್ಕ


ಮೇ 6

ಅಕ್ಕಾ,

ಕೋಟು ಬಂತು. ಎರಕ ಹೊಯ್ದ ಹಾಗೆ ಕೂತಿದೆ. ಎಲ್ಲರೂ ಯಾರ ಕೈಕೆಲಸ ಅಂತ ಕೇಳಿದರು. ಈಗ ಕೆಲಸ ಜಾಸ್ತಿ, ಇಷ್ಟೇ.

ನಿನ್ನ ತಂಗಿ


ಮೇ 26

ಪುಟ್ಟೀ,

ನಿಮ್ಮ ವಾರ್ಷಿಕೋತ್ಸವದ ಫೋಟೋ ಮ್ಯೂಸಿಯಮ್ಮಿನ ಪುಟದಲ್ಲಿ ಬಂದಿತ್ತು. ನಿನ್ನ ಭಾವ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಹನ್ನೊಂದು ಜನ ಕಡುನೀಲಿ ಕೋಟಿನವರು ಸಾಲಾಗಿ ನಿಂತಿದ್ದೀರಿ. ಹತ್ತು ಜನ ಗುಂಡಿ ಹಾಕಿದ್ದಾರೆ. ನೀನೊಬ್ಬಳು ಬಿಚ್ಚಿಟ್ಟುಕೊಂಡು, ಎದುರಿಗೆ ಒಂದು ಕಡತ ಹಿಡಿದು ನಿಂತಿದ್ದೀಯ.

ಕಡತದ ಪಕ್ಕದಲ್ಲಿ ನನಗೆ ಕಾಣಬೇಕಾದ್ದು ಕಂಡಿತು. ಭುಜ ಸರಿಯಾಗಿದೆ, ತೋಳು ಸರಿಯಾಗಿದೆ. ಮುಂದಿನ ಎರಡು ಅಂಚುಗಳ ನಡುವೆ ನಾಲ್ಕು ಬೆರಳು ಖಾಲಿ. ಹಿಂದಿನ ಅಂಚು ಮಂಡಿಯ ಹತ್ತಿರ ಇದ್ದರೆ ಮುಂದಿನದು ಮೇಲಕ್ಕೆ ಎದ್ದಿದೆ. ಬಸುರಿಯರಿಗೆ ಹೊಲಿಯುವಾಗ ಮುಂದೆ ಒಂದೂವರೆ ಇಂಚು ಉದ್ದ ಹೆಚ್ಚಿಗೆ ಬಿಡುತ್ತೇನೆ, ಹಾಗೆ ಬಿಡದಿದ್ದರೆ ಹೀಗೇ ಏಳುತ್ತದೆ.

ಕೋಟು ಎರಕ ಹೊಯ್ದ ಹಾಗಿದೆ ಅಂತ ಯಾಕೆ ಬರೆದೆ? ನಿನಗೆ ಏನಾದರೂ ನೋವಿದೆಯಾ? ಆ ಡಾಕ್ಟರಿಗೆ ಹೊಟ್ಟೆ ತೋರಿಸು.

ಅಕ್ಕ


ಜೂನ್ 3

ಅಕ್ಕಾ,

ನನಗೆ ಇದೊಂದು ಬಾಕಿ ಇತ್ತು. ನೀನು ಹೊಲಿಯುವಾಗ ಕಾಣದ ಹೊಟ್ಟೆ ಫೋಟೋದಲ್ಲಿ ಕಂಡಿತಾ?

ಕೋಟು ಬಂದ ದಿನ ಹಾಕಿಕೊಂಡೆ. ಗುಂಡಿ ಮುಟ್ಟಲಿಲ್ಲ. ನಲವತ್ತಮೂರು ಅಂತ ನಾನೇ ಅಳೆದು ಕಳಿಸಿದ್ದೆ, ನೀನು ಅದರಂತೆಯೇ ಕತ್ತರಿಸಿದೆ. ಅಂದರೆ ಮೂರೂವರೆ ವಾರದಲ್ಲಿ ನನ್ನ ಹೊಟ್ಟೆ ಇನ್ನೂ ಮೂರು ಇಂಚು ಬೆಳೆದಿದೆ. ಟೇಪು ಹಿಡಿಯಲು ಧೈರ್ಯವಾಗಲಿಲ್ಲ, ಇವತ್ತಿನವರೆಗೂ ಹಿಡಿದಿಲ್ಲ. ಆವತ್ತಿನಿಂದ ದಿನಕ್ಕೆ ಎರಡು ತುಂಡು ಬ್ರೆಡ್ಡು, ಒಂದು ಲೋಟ ಹಾಲು. ಕೈ ಕಾಲು ಕಡ್ಡಿಯಾದವು. ಹೊಟ್ಟೆ ಅಲ್ಲೇ ಇದೆ, ಗಟ್ಟಿಯಾಗಿ, ಯಾರೋ ಕೂತ ಹಾಗೆ. ಔಷಧ ಕೆಲಸ ಮಾಡದವರನ್ನು ಇಟ್ಟುಕೊಂಡು ಅವರಿಗೇನು? ಹಾಗಾಗಿ ನರ್ಸಮ್ಮನ ಟೇಪಿಗೆ ಕಣ್ಣು ಕತ್ತಲೆ ಬರುವಷ್ಟು ಉಸಿರು ಎಳೆಯುತ್ತೇನೆ. ಮೂವತ್ತೊಂಬತ್ತು ಅಂತ ಬರೆದುಕೊಂಡಿದ್ದಾಳೆ.

ಇನ್ನು ಐದು ಸೂಜಿ. ಐದು ವಾರ ನನ್ನ ಪಾಡಿಗೆ ನನ್ನನ್ನು ಬಿಡು. ಆಮೇಲೆ ನಿಜವಾದ ಔಷಧ ಸಿಗುತ್ತದೆ, ಎಲ್ಲ ಸರಿಹೋಗುತ್ತದೆ.

ಒಂದು ಮಾತು ಹೇಳಲಾ? ಮಾರ್ಚಿನಲ್ಲಿ ನೀನು ಕೇಳಿದ್ದು ಗಿರಾಕಿಗೋಸ್ಕರ ಅಲ್ಲ, ನಿನಗೋಸ್ಕರವೇ. ಬಾಗಿಲು ಹಾಕಿದ್ದಾರೆ ಅಂತ ಗೊತ್ತಾದ ಮೇಲೆ ನಿನಗೆ ನನ್ನ ತೋಳು ಕಾಣಲಿಲ್ಲ, ಹೊಟ್ಟೆ ಮಾತ್ರ ಕಂಡಿತು. ಇದಕ್ಕೆ ಏನೆನ್ನುತ್ತಾರೆ ಅಂತ ನನಗೆ ಗೊತ್ತು.

ತಂಗಿ


ಜೂನ್ 19

ಪುಟ್ಟೀ,

ಹತ್ತು ದಿನದಲ್ಲಿ ನಾಲ್ಕು ಕಾಗದ ಬರೆದು ಹರಿದೆ.

ಹೊಟ್ಟೆಕಿಚ್ಚು ಅಂತೀಯ. ಇತ್ತು. ಮಾರ್ಚಿನಲ್ಲಿ ಕೇಳಿದ್ದು ನನಗೋಸ್ಕರವೇ. ನೀನು ಇಳಿಯುತ್ತಾ ಹೋಗಿ, ನಾನೊಬ್ಬಳೇ ಅಮ್ಮನ ಮೈಯಲ್ಲಿ ಉಳಿದುಬಿಡುತ್ತೇನೇನೋ ಅನ್ನಿಸಿತು. ಅದನ್ನು ಒಪ್ಪಿಕೊಂಡರೆ ಉಳಿದದ್ದನ್ನು ಹೇಳುವುದು ಸುಲಭ ಅಂತ ಮೊದಲು ಬರೆದೆ. ಸುಲಭ ಆಗಲಿಲ್ಲ.

ನಿನ್ನ ಕೋಟನ್ನು ನಾನು ನಲವತ್ತಮೂರಕ್ಕೆ ಕತ್ತರಿಸಲಿಲ್ಲ.

ನಿನ್ನ ಅಳತೆ ಬಂದಾಗ ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು ನಿಂತೆ. ತೋಳು ಎರಡೂವರೆ ಇಳಿದಿದೆ, ಸೀಟು ಮೂರು ಇಳಿದಿದೆ, ಹೊಟ್ಟೆ ಎರಡು ಏರಿದೆ. ಮೂವತ್ತು ವರ್ಷದಲ್ಲಿ ಬಸುರಿಯರನ್ನು ಬಿಟ್ಟು ಅಂಥ ಮೈ ನನ್ನ ಮೇಜಿಗೆ ಬಂದಿಲ್ಲ. ನಿನಗೆ ಟೇಪು ಹಿಡಿಯಲು ಬರುವುದಿಲ್ಲ, ಓರೆಯಾಗಿ ಸುತ್ತಿದ್ದೀಯ ಅಂದುಕೊಂಡೆ. ತೋಳು ನೋಡಿ, ಸೀಟು ನೋಡಿ, ಹೊಟ್ಟೆ ಇಷ್ಟಿರಬೇಕು ಅಂತ ನಾನೇ ಲೆಕ್ಕ ಹಾಕಿ ಮೂವತ್ತೊಂಬತ್ತೂವರೆಗೆ ಗೆರೆ ಎಳೆದೆ. ಗಿರಾಕಿಗಳು ತಪ್ಪು ಅಳತೆ ಕೊಟ್ಟರೆ ಹೀಗೆ ತಿದ್ದುವುದು ನನಗೆ ಅಭ್ಯಾಸ. ಕೇಳಿದರೆ ಬೇಜಾರಾಗುತ್ತಾರೆ ಅಂತ ಕೇಳುವುದಿಲ್ಲ. ‘ನೀನು ಬರೆದಂತೆಯೇ’ ಅಂತ ಸುಳ್ಳು ಬರೆದೆ. ಫೋಟೋದಲ್ಲಿ ಆ ನಾಲ್ಕು ಬೆರಳು ಖಾಲಿ ನೋಡಿದಾಗ ನಿನ್ನ ನಲವತ್ತಮೂರು ಸರಿಯಿತ್ತು ಅಂತ ತಿಳಿಯಿತು. ಆಗಲೂ ನನ್ನ ತಪ್ಪನ್ನು ಬಿಟ್ಟು ನಿನ್ನನ್ನೇ ಪ್ರಶ್ನೆ ಕೇಳಿದೆ.

ಹೊಟ್ಟೆ ಮೂರು ಇಂಚು ಬೆಳೆಯಲಿಲ್ಲ ಪುಟ್ಟೀ. ನಾನು ಮೂರೂವರೆ ಇಂಚು ಕದ್ದೆ. ನೀನು ಅದನ್ನು ನಂಬಿ ಉಪವಾಸ ಕೂತೆ. ನಿನ್ನ ಭಾವನಿಗೆ ಇದನ್ನು ಹೇಳಲು ನನಗೆ ಮುಖವಿಲ್ಲ.

ಇನ್ನೊಂದು ಹೇಳುತ್ತೇನೆ, ಬೈಯದೆ ಮಾಡು. ಹಾಸಿಗೆಯ ಮೇಲೆ ಅಂಗಾತ ಮಲಗು, ದಿಂಬಿಲ್ಲದೆ. ಕೊಬ್ಬಿನ ಹೊಟ್ಟೆ ನಾವು ಮಲಗಿದರೆ ತಾನೂ ಮಲಗುತ್ತದೆ, ಎರಡೂ ಪಕ್ಕಕ್ಕೆ ಹರಿದುಹೋಗುತ್ತದೆ. ನನ್ನದನ್ನು ನೋಡಿಯೇ ಹೇಳುತ್ತಿದ್ದೇನೆ. ನಿನ್ನದು ಮಲಗದೆ ಹಾಗೇ ನಿಂತಿದ್ದರೆ ಅದು ಕೊಬ್ಬಲ್ಲ. ಏನು ಅಂತ ನನಗೆ ಗೊತ್ತಿಲ್ಲ. ನಾನು ದರ್ಜಿ ಅಷ್ಟೇ.

ಐದು ಸೂಜಿ ಬಾಕಿ ಅಂತ ನೀನು ಬರೆದಿದ್ದೆ. ಈ ಕಾಗದ ಮುಟ್ಟುವ ಹೊತ್ತಿಗೆ ಎರಡೇ ಉಳಿದಿರುತ್ತದೆ. ಅದು ನಿನಗೆಷ್ಟು ಅಂತ ನನಗೆ ಗೊತ್ತು. ಆದರೂ ಮಲಗಿ ನೋಡು.

ಅಕ್ಕ


ಜೂನ್ 27

ಅಕ್ಕಾ,

ಕಾಗದ ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟು ಮಾಡುತ್ತಲೇ ಕಳೆದೆ. ಮೂರೂವರೆ ಇಂಚು. ನಾನು ಆ ಮೂರೂವರೆ ಇಂಚಿಗೆ ಹೆದರಿ ಏಳು ವಾರ ಬದುಕಿದ್ದೇನೆ.

ನಿನ್ನೆ ಇಪ್ಪತ್ತೈದನೇ ಸೂಜಿಯ ದಿನ. ಬೆಳಿಗ್ಗೆ ಹೊರಡುವ ಮೊದಲು ದಿಂಬು ತೆಗೆದು ಮಲಗಿದೆ. ನನ್ನ ಪಾದ ನನಗೆ ಕಾಣಲಿಲ್ಲ.

ಹಾಗೇ ಮಲಗಿ ಯೋಚನೆ ಮಾಡಿದೆ. ಇನ್ನೆರಡು ಸೂಜಿ. ಇಷ್ಟು ದಿನ ಕೂತದ್ದು ಇನ್ನೊಂದು ವಾರ ಕೂರುತ್ತದೆ. ಬಾಯಿ ಮುಚ್ಚಿಕೊಂಡರೆ ಎರಡು ವರ್ಷ ಔಷಧ, ಕಾಲು ಉಳಿಯುತ್ತದೆ. ಬಾಯಿ ಬಿಟ್ಟರೆ ಕಂಡಕ್ಟರಮ್ಮನ ದಾರಿ. ಬಸ್ಸಿನಲ್ಲಿ ಕೂತಾಗಲೂ ತೀರ್ಮಾನವಾಗಿರಲಿಲ್ಲ. ಈಗ ಕೇಳಿದರೂ ಯಾಕೆ ಹೇಳಿದೆ ಅಂತ ಸರಿಯಾಗಿ ಹೇಳಲಾರೆ. ನರ್ಸಮ್ಮ ಸೂಜಿ ತಯಾರು ಮಾಡುತ್ತಾ ನಿಂತಿದ್ದಳು. ‘ಸ್ವಲ್ಪ ತಡೀಮ್ಮ, ಒಂದ್ಸಲ ಮಲಗ್ತೀನಿ, ನೋಡು’ ಅಂದೆ. ಮಲಗಿದೆ. ಅವಳು ನೋಡಿದಳು. ಸೂಜಿಯನ್ನು ತಟ್ಟೆಯಲ್ಲಿಟ್ಟು ಬಾಗಿಲ ಹತ್ತಿರ ಹೋಗಿ, ‘ಡಾಕ್ಟ್ರೇ, ಒಂದ್ನಿಮಿಷ ಬರ್ತೀರಾ’ ಅಂತ ಕರೆದಳು. ಆ ದನಿ ಕೇಳಿ ನನಗೆ ಎಲ್ಲ ಮುಗಿಯಿತು ಅಂತ ತಿಳಿಯಿತು. ಏನು ಮುಗಿಯಿತು ಅಂತ ಮಾತ್ರ ತಿಳಿಯಲಿಲ್ಲ.

ಸ್ಕ್ಯಾನ್ ಮಾಡಿದರು. ಅಂಡಾಶಯದ ಮೇಲೆ ನೀರು ತುಂಬಿದ ಚೀಲವಂತೆ, ದೊಡ್ಡದು. ಕೆಟ್ಟದ್ದೋ ಅಲ್ಲವೋ ತೆಗೆದ ಮೇಲೆಯೇ ಗೊತ್ತಾಗುವುದು. ಮೂರನೇ ತಾರೀಖು ಆಪರೇಷನ್. ಇಪ್ಪತ್ತಾರನೇ ಸೂಜಿಯ ದಿನವೇ.

ಭಾವನನ್ನು ಕರೆದುಕೊಂಡು ಬಾ. ಸಿಟ್ಟು ಇನ್ನೂ ಇದೆ, ಬಂದ ಮೇಲೆ ಮುಂದುವರಿಸುತ್ತೇನೆ.

ಪುಟ್ಟಿ


ಜುಲೈ 8

ಅಕ್ಕಾ,

ನಿನ್ನ ಬಸ್ಸು ಹೊರಟ ಮರುದಿನವೇ ಬರೆಯುತ್ತಿದ್ದೇನೆ. ನೀನಿದ್ದಾಗ ಹೇಳಬಹುದಿತ್ತು. ವಾರ್ಡಿನಲ್ಲಿ ನಿನ್ನ ಕಿವಿಗೆ ಕೂಗಿದರೆ ಎಂಟು ಮಂಚದವರೂ ಕೇಳಿಸಿಕೊಳ್ಳುತ್ತಿದ್ದರು.

ಮೊದಲು ಒಳ್ಳೆಯದು. ನೀನು ಹೊರಟ ಮೇಲೆ ವರದಿ ಬಂತು, ಕೆಟ್ಟ ಗಡ್ಡೆಯಲ್ಲ. ಐದೂವರೆ ಕಿಲೋ ತೂಗಿತಂತೆ. ಇನ್ನು ಮೂರು ತಿಂಗಳು ಬಿಟ್ಟಿದ್ದರೆ ತಿರುಚಿಕೊಂಡೋ ಒಡೆದೋ ಹೋಗುತ್ತಿತ್ತು ಅಂದರು.

ಇನ್ನೊಂದು ವಿಷಯ. ಅರಿವಳಿಕೆ ಕೊಡುವ ಡಾಕ್ಟರು ನನಗೆ ಚುಚ್ಚಿದ್ದೇನು ಅಂತ ತಿಳಿಯದೆ ಮುಂದುವರಿಯಲು ಒಪ್ಪಲಿಲ್ಲವಂತೆ. ಆ ಔಷಧ ಹೊಟ್ಟೆಯಲ್ಲಿ ಊಟವನ್ನು ಬಹಳ ಹೊತ್ತು ನಿಲ್ಲಿಸುತ್ತದೆ, ಅಪಾಯ. ಹಾಗಾಗಿ ಕಂಪ್ಯೂಟರನ್ನು ಕೇಳಿದರು. ನಿನ್ನೆ ಬೆಳಿಗ್ಗೆ ಪ್ರಯೋಗದ ಡಾಕ್ಟರು ಮಂಚದ ಹತ್ತಿರ ಬಂದು ನನಗೂ ಹೇಳಿದರು. ನೀರಲ್ಲ, ಔಷಧವೇ. ಎಲ್ಲಕ್ಕಿಂತ ಕಡಿಮೆ ಪ್ರಮಾಣದ್ದು. ಅಷ್ಟರಿಂದ ಏನೂ ಆಗುವುದಿಲ್ಲ ಅಂತ ಅಂದುಕೊಂಡೇ ಹೋಲಿಕೆಗೆ ಇಟ್ಟ ಪ್ರಮಾಣವಂತೆ.

‘ಹಾಗಾದ್ರೆ ನನ್ನ ಹಸಿವು ಯಾರು ಒಯ್ದದ್ದು?’ ಅಂದೆ. ‘ಚೀಲ ಹೊಟ್ಟೆಯನ್ನು ಒತ್ತಿರಬಹುದು. ಔಷಧವೂ ಇರಬಹುದು. ಔಷಧ ಅಂತ ನೀವು ನಂಬಿದ್ದೂ ಇರಬಹುದು’ ಅಂದರು. ‘ಮೂರರಲ್ಲಿ ಯಾವುದು?’ ಅವರು ಕನ್ನಡಕ ತೆಗೆದು ಒರೆಸಿದರು. ‘ಗೊತ್ತಿಲ್ಲ ಕಣಮ್ಮ’ ಅಂದರು. ಆರು ತಿಂಗಳಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಎರಡು ವರ್ಷದ ಔಷಧ ಇಲ್ಲ. ಅದನ್ನೂ ಹೇಳಿದರು, ಎದ್ದು ಹೋಗುವಾಗ, ನಿಂತುಕೊಂಡು.

ಮಧ್ಯಾಹ್ನ ನರ್ಸಮ್ಮ ನನ್ನ ಇಪ್ಪತ್ತನಾಲ್ಕು ಹಾಳೆಗಳನ್ನು ತಂದು ಮಂಚದ ಮೇಲೆ ಹರಡಿದಳು. ಎಲ್ಲ ‘ಇಲ್ಲ’ಗಳೂ ನನ್ನ ಕೈಬರಹ. ತಿದ್ದಬೇಕಂತೆ, ಇಲ್ಲದಿದ್ದರೆ ಮುನ್ನೂರು ಜನರ ಲೆಕ್ಕದಲ್ಲಿ ನನ್ನ ಸುಳ್ಳು ಹಾಗೇ ಉಳಿಯುತ್ತದೆ. ‘ಎಂಟನೇ ವಾರ ಹೊಟ್ಟೆ ಭಾರ ಇತ್ತಾ?’ ಇತ್ತು. ‘ಅದು ಊಟದಿಂದಲಾ, ಚೀಲದಿಂದಲಾ?’ ನನಗೇನು ಗೊತ್ತು? ‘ಹೌದು ಇಲ್ಲ ಎರಡೇ ಇರೋದು ಮೇಡಂ’ ಅಂದಳು. ಕೊನೆಗೆ ಇಬ್ಬರೂ ಸೇರಿ ಎಲ್ಲಕ್ಕೂ ‘ಹೌದು’ ಅಂತ ತಿದ್ದಿದೆವು. ಅದೂ ಪೂರ್ತಿ ನಿಜವಲ್ಲ. ಮೊದಲ ಎರಡು ವಾರ ನಾನು ಚೆನ್ನಾಗಿಯೇ ಇದ್ದೆ ಅನ್ನಿಸುತ್ತದೆ. ಇದ್ದೆನಾ?

ಇವತ್ತು ಬೆಳಿಗ್ಗೆ ಎಚ್ಚರವಾದಾಗ ಒಳಗೆ ಏನೋ ಕೊರೆಯುತ್ತಿತ್ತು. ಹೊಲಿಗೆ ಬಿಚ್ಚಿತೇನೋ ಅಂತ ಗಾಬರಿಯಾಗಿ ಗಂಟೆ ಒತ್ತಿದೆ. ವಾರ್ಡಿನ ಹಿರಿಯ ನರ್ಸು ಬಂದರು. ‘ನೋವಾ?’ ಅಂದರು. ಅಲ್ಲ. ‘ಉರಿಯಾ?’ ಅದೂ ಅಲ್ಲ. ಪಟ್ಟಿ ಸರಿಸಿ ನೋಡಿ ಮತ್ತೆ ಮುಚ್ಚಿದರು. ‘ಹೊಟ್ಟೆ ತುಂಬ ಊಟ ಮಾಡಿ ಎಷ್ಟು ದಿನ ಆಯ್ತು?’ ಅಂದರು.

ಎಣಿಸಲು ಹೋದೆ. ದಿನಗಳಲ್ಲಿ ಮುಗಿಯಲಿಲ್ಲ.

ಬ್ರೆಡ್ಡು, ಬಿಸಿ ಹಾಲು ತರಿಸಿಕೊಟ್ಟು ಹೋದರು. ಮೊದಲನೇ ತುಂಡು ಹೇಗೆ ಖಾಲಿಯಾಯಿತು ಅಂತ ತಿಳಿಯಲಿಲ್ಲ. ಅಮ್ಮನನ್ನು ತುಂಡು ತುಂಡಾಗಿ ತೆಗೆದುಕೊಂಡು ಹೋದದ್ದು ಇದೇ ಹಸಿವು. ಬದುಕಿದ್ದೇನೆ ಅಂತ ಇವತ್ತು ನನಗೆ ಹೇಳಿದ್ದೂ ಇದೇ. ಇನ್ನು ಹಸಿವು, ನಾನು ಇಬ್ಬರೇ ಒಂದೇ ಮನೆಯಲ್ಲಿರಬೇಕು, ನಡುವೆ ಸೂಜಿಯಿಲ್ಲದೆ.

ತಟ್ಟೆಯಲ್ಲಿ ಎರಡನೇ ತುಂಡಿದೆ. ನಿನಗೆ ಬರೆಯುತ್ತಾ ಅದನ್ನೇ ನೋಡುತ್ತಿದ್ದೇನೆ. ತಿನ್ನಲಾ, ಬೇಡವಾ, ಅಕ್ಕಾ?

ಪುಟ್ಟಿ